ಒಂದು ಸಲಕ್ಕೆ ಒಂದೇ ಫೋಟೋ

ಬೈಲಹೊಂಗಲದಲ್ಲಿ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಕೆಲಸ ಶುರು ಮಾಡುವ ಮೊದಲು ಗಿರಾಕಿಯ ಮನೆಗೇ ಹೋಗಿ ಕೂತು, ಪ್ರಶ್ನೆ ಕೇಳಿ ಕೇಳಿ ಅವರ ತಲೆ ತಿನ್ನುವುದು ನನ್ನ ಚಟ. ಹಾಗೇ ಒಮ್ಮೆ ಮುರಗೋಡಿಗೆ ಹೋದೆ. ಗಿರಾಕಿ ಅರವತ್ತು ದಾಟಿದ ಹೆಣ್ಣುಮಗಳು. ಸವದತ್ತಿ, ರಾಮದುರ್ಗ ಎಂದು ಬಸ್ಸು ಹತ್ತಿ, ಮನೆಮನೆಗೆ ಹೋಗಿ ಸಂಬಂಧ ಕೂಡಿಸುವವರು. ಈಗ ಮೊಣಕಾಲು ನೋವಿಗೆ ಬಸ್ಸು ಹತ್ತಲಾಗುತ್ತಿರಲಿಲ್ಲ. ವೆಬ್‌ಸೈಟ್ ಆಗದಿದ್ದರೆ ಅವರ ಕೆಲಸ ಅಲ್ಲಿಗೆ ಮುಗಿದಂತೆ.

ಹಾಳೆಯ ಮೇಲೆ ಮೊದಲ ಪುಟ ಗೀಚಿ ತೋರಿಸಿದೆ. ಹುಡುಗಿಯರ ಫೋಟೋ ಸಾಲುಸಾಲಾಗಿ. ಯಾವುದು ಬೇಕೋ ಅದನ್ನು ಒತ್ತಿದರೆ ವಿವರ.

“ಇದೇನ ಯವ್ವಾ, ಸಂತ್ಯಾಗ ಬದನಿಕಾಯಿ ಹರವಿದಂಗ? ತಗಿ ಇದನ್ನ!”

“ಎಲ್ಲಾ ಸೈಟೂ ಹಿಂಗ ಇರತಾವ್ರಿ ಅಕ್ಕಾರ.”

“ಇರಲಿ. ನಾ ಒಂದ ಮನಿಗೆ ಒಂದ ಫೋಟೋ ಒಯ್ಯತೇನಿ. ಅವರು ಬ್ಯಾಡ ಅಂದ ಮ್ಯಾಲೆ ಇನ್ನೊಂದು. ಹಂಗ ಮಾಡಾಕ ಬರೂದಿಲ್ಲಂದ್ರ ನನಗ ಈ ವೆಬ್‌ಸೈಟ್ ಬ್ಯಾಡ.”

ನನಗೆ ಸಿಟ್ಟು ಬಂತು. ಕಾಲು ನಡೆಯದು, ಹಟ ಮಾತ್ರ ಬಿಡದು! ಆದರೆ ಸಿಟ್ಟಿಗಿಂತ ಕುತೂಹಲವೇ ಜಾಸ್ತಿಯಾಯಿತು. ಒಂದೇ ಮನೆಗೆ ಮತ್ತೆ ಮತ್ತೆ ಅಲೆಯುವ ಬದಲು ನಾಲ್ಕಾರು ಫೋಟೋ ಒಟ್ಟಿಗೆ ಒಯ್ದಿದ್ದರೆ ಮೊಣಕಾಲಾದರೂ ಉಳಿಯುತ್ತಿತ್ತಲ್ಲ? ಕೇಳಿಯೇ ಬಿಟ್ಟೆ.

ಅವರು ಚಹಾ ಸೋಸುತ್ತ ಹೇಳಿದರು: “ನನ್ನ ನೋಡಾಕ ಬಂದಿದ್ರು. ನಾ ಚಾಪಿ ಮ್ಯಾಲೆ ಕುಂತಿದ್ದೆ. ನನ್ನ ತಂಗಿ ಅವಲಕ್ಕಿ ತಂದಿಟ್ಲು. ಬಂದವರು ಅಕಿ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು. ಊರಿಗೆ ಹೋದ ಮ್ಯಾಲೆ, ತಂಗೀನ್ನ ಕೊಡ್ತೀರೇನು ಅಂತ ಹೇಳಿ ಕಳಿಸಿದ್ರು. ಕೊಟ್ವಿ. ಸುಖದಾಗ ಅದಾಳ. ಅಕೀದೇನೂ ತಪ್ಪಿಲ್ಲ.”

“ನಿಮ್ಮ ಮದಿವಿ?”

“ಆಗಲಿಲ್ಲವ್ವಾ.”

ಊರವರ ಮದುವೆಗೆಲ್ಲ ಓಡಾಡಿದ ಹೆಣ್ಣುಮಗಳು! ನಾನು ಹಾಳೆ ಮಗುಚಿ, ನಡುವೆ ಒಂದೇ ಚೌಕ ಬರೆದೆ. ಅದರಲ್ಲಿ ಒಂದು ಫೋಟೋ. ಬೇಡವೆಂದು ಹೇಳುವ ತನಕ ಇನ್ನೊಂದು ತೆರೆಯಬಾರದು.

“ಹೆಂಗ ಕಾಣತೈತಿ ನೋಡೂಣು,” ಎಂದು ಅವರು ಕುಂಟುತ್ತ ಒಳಗೆ ಹೋಗಿ ಒಂದು ಕಪ್ಪು ಬಿಳುಪು ಫೋಟೋ ತಂದು ಚೌಕದೊಳಗೆ ಇಟ್ಟರು. ಎರಡು ಜಡೆಯ ಹುಡುಗಿ, ಕ್ಯಾಮೆರಾಕ್ಕೆ ಹೆದರಿದ ಕಣ್ಣು. ಅಂದಿನ ವರನ ಕಡೆಯವರಿಗೆಂದೇ ತೆಗೆಸಿದ್ದಂತೆ.

ಹಾಳೆಯಲ್ಲಿ ಬೇರೆ ನೋಡಲು ಏನೂ ಇರಲಿಲ್ಲ. ಆ ಮುಖವನ್ನೇ ನೋಡಿದೆ.

“ಭಾಳ ಛಂದ ಅದೀರಿ ಅಕ್ಕಾರ,” ಎಂದೆ. ಸುಳ್ಳಲ್ಲ.

ಅವರೂ ಬಗ್ಗಿ ನೋಡಿದರು.

“ಹೌದಲ್ಲ?” ಎಂದರು. “ನಾನೂ ಈಗ ನೋಡಾಕ ಹತ್ತೇನಿ.”