ಬ್ರೇಕಮ್ಮನ ಬಕೆಟ್ ಕಾಣದ ಬೆಳಿಗ್ಗೆ

ಊರಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಬ್ರೇಕಮ್ಮನ ಹತ್ತಿರ ಬೈಸಿಕೊಂಡವರೇ. ಡ್ರೈವಿಂಗ್ ಕಲಿಸೋದು ಅವಳ ಕಸುಬು. ಒಂದು ಸಣ್ಣ ಬಿಳಿ ಕಾರು, ಅದರಲ್ಲಿ ಕಲಿಯುವವರ ಕಾಲಿಗೊಂದು ಬ್ರೇಕು, ಅವಳ ಕಾಲಿಗೊಂದು ಬ್ರೇಕು. ಪಾಠಕ್ಕೆ ಬಂದ ಹೆಂಗಸರಿಗೆ "ಒತ್ತಮ್ಮಾ ಬ್ರೇಕು, ಬ್ರೇಕಮ್ಮಾ ಬ್ರೇಕು!" ಅಂತ ಅವಳು ಕೂಗಿ ಕೂಗಿ, ಕೊನೆಗೆ ಆ ಕೂಗೇ ಅವಳಿಗೆ ಅಂಟಿಕೊಂಡಿತು. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಕಾರು ಗೋಡೆಗೆ ತಾಗಿಸಿ ಅಳುತ್ತ ಕೂತವರನ್ನು ಬೈದು ಮುಗಿಸಿ, ಆಮೇಲೆ ತಾನೇ ಟೀ ಕುಡಿಸಿ ಮನೆಗೆ ಬಿಟ್ಟು ಬರುತ್ತಿದ್ದಳು.

ಐವತ್ತು ದಾಟಿತ್ತು. ಮದುವೆ ಆಗಲಿಲ್ಲ, ಆಗಬೇಕು ಅನ್ನಿಸಲೂ ಇಲ್ಲ. ಇದ್ದೊಬ್ಬ ತಂಗಿ ಬೇರೆ ಊರಲ್ಲಿದ್ದಳು. ಭಾನುವಾರ ಫೋನ್ ಮಾಡಿ, "ಒಂಟಿ ಇರ್ತೀಯ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ನೋಡ್ತಾರೆ? ಊರು ಬಿಟ್ಟು ನಮ್ಮಲ್ಲಿಗೆ ಬಾ" ಅಂತ ಶುರುಮಾಡಿದರೆ, "ಬಾಯಲ್ಲಿ ಒಳ್ಳೇ ಮಾತು ಬರಲಿ ಮಾರಾಯ್ತಿ" ಅಂತ ಬ್ರೇಕಮ್ಮ ಮಾತು ತಿರುಗಿಸುತ್ತಿದ್ದಳು.

ಅವಳ ಮನೆ ಉದ್ದಕ್ಕೆ, ರೈಲು ಡಬ್ಬಿಯ ಹಾಗೆ ಇತ್ತು. ಮುಂದೆ ಹಾಲ್, ಅದರ ಹಿಂದೆ ಮಲಗುವ ಕೋಣೆ, ಆಮೇಲೆ ಅಡುಗೆಮನೆ, ಕಟ್ಟಕಡೆಗೆ ಬಚ್ಚಲು. ಬಚ್ಚಲ ಗೋಡೆಯಲ್ಲಿ ಎತ್ತರಕ್ಕೊಂದು ಕಿಟಕಿ. ಅದು ಹಿಂದಿನ ಇಕ್ಕಟ್ಟು ಗಲ್ಲಿಯ ಕಡೆಗೆ ತೆರೆದುಕೊಳ್ಳುತ್ತಿತ್ತು.

ಕಸದ ವಿಷಯದಲ್ಲಿ ಅವಳದು ಬಲು ಅಚ್ಚುಕಟ್ಟು. ಹಸಿ ಕಸದ ಹಸಿರು ಬಕೆಟ್ಟು, ಒಣ ಕಸದ ನೀಲಿ ಬಕೆಟ್ಟು, ಪಕ್ಕದಲ್ಲಿ ದಾರ ಕಟ್ಟಿದ ಹಳೇ ಪೇಪರಿನ ಕಟ್ಟು, ಮೂರೂ ಬೆಳಿಗ್ಗೆಯೇ ಗೇಟಿನ ಹೊರಗೆ ಸೈನಿಕರ ಹಾಗೆ ನಿಂತಿರಬೇಕು. ಲಾರಿಯ ಜೊತೆ ಬರುತ್ತಿದ್ದವಳು ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು. ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಬೀದಿಯ ತುದಿಯಿಂದಲೇ ಊದುತ್ತ ಬರುತ್ತಿದ್ದರಿಂದ ಎಲ್ಲರೂ ಅವಳನ್ನು ಸೀಟಿ ಅಂತಲೇ ಕರೆಯುತ್ತಿದ್ದರು. ಲಾರಿ ಓಡಿಸುತ್ತಿದ್ದವನು ಅವಳ ಸೋದರಮಾವ. ಬ್ರೇಕಮ್ಮನಿಗೂ ಸೀಟಿಗೂ ಅಂಥ ಮಾತುಕತೆಯೇನೂ ಇರಲಿಲ್ಲ. ಎಂದಾದರೂ ಲಾರಿ ತಡವಾದರೆ ಬ್ರೇಕಮ್ಮ ನಗರಸಭೆಯ ಆಫೀಸಿಗೆ ಫೋನು ಹಚ್ಚಿ ಒಂದಿಷ್ಟು ಕೂಗಾಡುತ್ತಿದ್ದಳು, ಮಾರನೇ ದಿನ ಸೀಟಿ ಸ್ವಲ್ಪ ಬಿಗುಮಾನದಿಂದ ಬಕೆಟ್ ಎತ್ತುತ್ತಿದ್ದಳು, ಅಷ್ಟೇ.

ಆ ದಿನ ಬ್ರೇಕಮ್ಮನ ವಾರದ ರಜೆ. ಪಾಠಕ್ಕೆ ಬರುವವರು ಯಾರೂ ಇಲ್ಲ. ನಿಧಾನವಾಗಿ ಸ್ನಾನ ಮಾಡಿ, ಆಮೇಲೆ ಕಸ ಹೊರಗಿಟ್ಟರಾಯಿತು ಅಂದುಕೊಂಡು ಬಚ್ಚಲಿಗೆ ಹೋದಳು. ಸೋಪಿನ ಚೂರೊಂದು ಕಾಲಡಿಗೆ ಸಿಕ್ಕಿತು. ಬೀಳುವಾಗ ಹಿಡಿಯಲು ಸಿಕ್ಕಿದ್ದು ಟವೆಲ್ ಮಾತ್ರ, ಅದೂ ಅವಳ ಜೊತೆಗೇ ಬಂತು. ತೊಡೆಯ ಮೂಳೆ ಮುರಿದ ಸದ್ದು ತನ್ನ ಕಿವಿಗೇ ಕೇಳಿಸಿತು ಅಂತ ಆಮೇಲೆ ಅವಳು ಹೇಳುತ್ತಿದ್ದಳು. ಫೋನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿತ್ತು. ತೆವಳಲು ನೋಡಿದಳು, ಕಣ್ಣು ಕತ್ತಲೆ ಬಂತು. ಕೂಗಿದಳು. ಒಂದು ಪಕ್ಕದ ಮನೆಗೆ ಬೀಗ. ಇನ್ನೊಂದು ಪಕ್ಕ ಮರ ಕೊಯ್ಯುವ ಅಂಗಡಿ, ಅಲ್ಲಿ ಗರಗಸದ ಸದ್ದಿಗೆ ಆಕಾಶ ಕಳಚಿಬಿದ್ದರೂ ಗೊತ್ತಾಗದು. ಊರಿಗೆಲ್ಲ ಕೇಳುವ ಗಂಟಲು ಅಂತ ಹೆಸರಾಗಿದ್ದಳು, ಮುಖ್ಯವಾದ ಹೊತ್ತಿಗೆ ಆ ಗಂಟಲು ಯಾರಿಗೂ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಬೀದಿಯ ಕಡೆಯಿಂದ ಸೀಟಿಯ ಸದ್ದು. ಹತ್ತಿರ ಬಂತು. ನಿಂತಿತು. ಇನ್ನು ಮುಂದಿನ ಮನೆಗೆ ಹೋಗುತ್ತೆ ಅಂದುಕೊಂಡು ಬ್ರೇಕಮ್ಮ ಕಣ್ಣು ಮುಚ್ಚಿದಳು.

ಗೇಟಿನ ಹತ್ತಿರ ನಿಂತ ಸೀಟಿಗೆ ಏನೋ ಸರಿಯಿಲ್ಲ ಅನ್ನಿಸಿತ್ತು. ಬಕೆಟ್ಟೂ ಇಲ್ಲ, ಪೇಪರಿನ ಕಟ್ಟೂ ಇಲ್ಲ. ಕಾರು ಮಾತ್ರ ಮನೆಮುಂದೆಯೇ ಇದೆ. ಬಾಗಿಲು ಬಡಿದಳು, ಬೆಲ್ ಒತ್ತಿದಳು.

"ಎಲ್ಲಿಗೋ ಹೋಗಿರ್ತಾರೆ ಬಾರೇ, ಹೊತ್ತಾಯ್ತು" ಅಂದ ಮಾವ.

"ಕಾರು ಬಿಟ್ಟು ಇವ್ರು ಕಾಲ್ನಡಿಗೆಲಿ ಎಲ್ಲಿಗೆ ಹೋಗ್ತಾರೆ ಮಾವ? ಗಾಡಿ ಹಿಂದಿನ ಗಲ್ಲಿಗೆ ತಗೋ, ಅಲ್ಲಿಂದ ನೋಡೋಣ."

"ಆ ಗಲ್ಲಿಗಾ? ಒಳಗೆ ಹೋಗೋದು ಅತ್ತ ಇರಲಿ, ಆಚೆ ಬರೋದು ಹೇಗೆ?"

"ರಿವರ್ಸಲ್ಲೇ ಹೋಗು. ಬರುವಾಗ ನೇರ ಬರಬಹುದು."

ಮಾವ ಗೊಣಗುತ್ತ ಲಾರಿಯನ್ನು ಹಿಂದಕ್ಕೆ ಬಿಡತೊಡಗಿದ. ಬಚ್ಚಲ ನೆಲದ ಮೇಲೆ ಬಿದ್ದಿದ್ದ ಬ್ರೇಕಮ್ಮನಿಗೆ ರಿವರ್ಸ್ ಗಂಟೆಯ ಟ್ರಿಣ್ ಟ್ರಿಣ್ ಕೇಳಿಸಿತು, ಟಯರು ಕಲ್ಲಿಗೆ ಉಜ್ಜುವುದು ಕೇಳಿಸಿತು. ಅಷ್ಟು ನೋವಿನಲ್ಲೂ, ಕಾಪಾಡಿ ಅಂತ ಕೂಗಬೇಕು ಅನ್ನೋದು ತಲೆಗೇ ಬರಲಿಲ್ಲ. ಹುಟ್ಟುಗುಣ ಎಲ್ಲಿಗೆ ಹೋದೀತು? ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ, "ಬಲಕ್ಕೆ ತಿರುಗಿಸೋ! ಬಲಕ್ಕೆ! ಗೋಡೆಗೆ ತಾಗ್ತಿದೆ, ಕಿವಿ ಇಲ್ವಾ ನಿನಗೆ!" ಅಂತ ಕಿರುಚಿದಳು.

ಲಾರಿ ಗಕ್ಕನೆ ನಿಂತಿತು.

"ಮಾವ, ಒಳಗಿದ್ದಾರೆ!" ಅಂದವಳೇ ಸೀಟಿ ಲಾರಿಯ ಪಕ್ಕದ ಕಂಬಿ ಹಿಡಿದು ಮೇಲೆ ಹತ್ತಿ, ಕಿಟಕಿಯಲ್ಲಿ ಮುಖ ಇಟ್ಟಳು. ಕೆಳಗೆ ಬ್ರೇಕಮ್ಮ, ಮೈಮೇಲೆ ಆ ಟವೆಲ್ಲು, ಮುಖ ಬಿಳಿಚಿಕೊಂಡಿತ್ತು. ಸೀಟಿ ತಡಮಾಡಲಿಲ್ಲ. ಕಿಟಕಿಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಮಾವನ ಕೈಗೆ ಕೊಟ್ಟು, ಕಾಲು ಮುಂದಾಗಿ ಒಳಗೆ ಇಳಿದಳು. ಮಾವ ಫೋನ್ ಮಾಡಿ ಕರೆಸಿದ ಆಂಬುಲೆನ್ಸ್ ಬರುವ ತನಕ ಬ್ರೇಕಮ್ಮನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಹೊದಿಕೆ ಹೊದಿಸಿ, ನೆಲದ ಮೇಲೆಯೇ ಕೂತಿದ್ದಳು. "ಕಸದ ಕೈ" ಅಂತ ಒಮ್ಮೆ ಕೈ ಹಿಂದಕ್ಕೆ ಎಳೆದುಕೊಂಡಳಂತೆ. ಬ್ರೇಕಮ್ಮ ಆ ಕೈಯನ್ನು ಹಿಡಿದವಳು ಆಸ್ಪತ್ರೆಯ ಬಾಗಿಲ ತನಕ ಬಿಡಲಿಲ್ಲ.

ಶಸ್ತ್ರಚಿಕಿತ್ಸೆ ಆಯಿತು. ತಂಗಿ ಗಂಟುಮೂಟೆ ಕಟ್ಟಿಕೊಂಡು ಬಂದಳು, ಬಂದವಳು "ನಾನು ಹೇಳಿರಲಿಲ್ವಾ" ಅನ್ನೋದನ್ನು ಬೆಳಗ್ಗೆ ಸಂಜೆ ಔಷಧಿಯ ಜೊತೆ ಕುಡಿಸಿದಳು. ಬ್ರೇಕಮ್ಮ ಊರುಗೋಲು ಹಿಡಿದು ಹಾಲ್‌ನಿಂದ ಅಡುಗೆಮನೆಗೆ ನಡೆಯುವುದನ್ನು ಮಗುವಿನ ಹಾಗೆ ಮೊದಲಿನಿಂದ ಕಲಿತಳು. ಈ ಸಲ ಬೈಯುವ ಸರದಿ ತಂಗಿಯದು.

ಹೀಗಿರುವಾಗ ನಗರಸಭೆಯಲ್ಲಿ ಒಂದು ಪ್ರಸ್ತಾಪ ಬಂತು. ಮನೆಮನೆಯಿಂದ ಕಸ ಎತ್ತುವುದನ್ನು ನಿಲ್ಲಿಸಿ, ಬೀದಿ ಮೂಲೆಯಲ್ಲಿ ದೊಡ್ಡ ತೊಟ್ಟಿಗಳನ್ನು ಇಡುವುದು. ಗಾಜಿಗೊಂದು, ಕಾಗದಕ್ಕೊಂದು, ಪ್ಲಾಸ್ಟಿಕ್ಕಿಗೊಂದು, ಹಸಿ ಕಸಕ್ಕೊಂದು. ಜನರೇ ತಂದು ಹಾಕಬೇಕು. ಬ್ರೇಕಮ್ಮ ಸುದ್ದಿ ಕೇಳಿದವಳೇ ತಂಗಿಗೆ, "ನನ್ನ ಒಳ್ಳೇ ಬಟ್ಟೆ ತೆಗೆದಿಡೇ. ಸಭೆಗೆ ಹೋಗಬೇಕು" ಅಂದಳು.

"ನಡೆಯೋಕೆ ಬರಲ್ಲ, ಜಗಳಕ್ಕೆ ಹೊರಟಳು ನೋಡು."

"ಜಗಳಕ್ಕಲ್ಲ ಕಣೇ. ಋಣಕ್ಕೆ."

ಸಭಾಂಗಣದಲ್ಲಿ ಉದ್ದದ ಮೇಜು, ಅದರ ಸುತ್ತ ಸದಸ್ಯರು, ಹಿಂದೆ ಜನರಿಗೆ ಹಾಕಿದ ಮಡಚುವ ಕುರ್ಚಿಗಳು. ಅಧ್ಯಕ್ಷ ಹಲ್ಲಿನ ಡಾಕ್ಟರು. ಅವನೂ ಬ್ರೇಕಮ್ಮನ ಶಿಷ್ಯನೇ. ಅವಳು ಊರುಗೋಲು ಊರುತ್ತ ಒಳಗೆ ಬಂದಾಗ, ಪಾಪ, ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಪ್ರಸ್ತಾಪ ತಂದವನು ಸದಸ್ಯರಲ್ಲಿ ಒಬ್ಬ, ಎಂಜಿನಿಯರು. ತಿಳಿದವನು, ಸಜ್ಜನ. "ಮನೆಬಾಗಿಲಲ್ಲಿ ಎತ್ತಿದ ಕಸದಲ್ಲಿ ಗಾಜು, ಕಾಗದ ಎಲ್ಲ ಲಾರಿಯೊಳಗೆ ಕಲಸಿಹೋಗುತ್ತೆ. ಒದ್ದೆ ಕಾಗದವನ್ನ ಯಾವ ಕಾರ್ಖಾನೆಯೂ ತಗೊಳ್ಳಲ್ಲ. ಕೊನೆಗೆ ಎಲ್ಲ ಗುಂಡಿಗೆ. ಮರುಬಳಕೆ ಅನ್ನೋದು ಬರೀ ಬಾಯಿಮಾತು ಆಗಿದೆ" ಅಂದ. ಅದು ಸುಳ್ಳಾಗಿರಲಿಲ್ಲ. ಹಲವರು ತಲೆಯಾಡಿಸಿದರು.

ಜನರಿಗೆ ಮಾತಾಡಲು ಅವಕಾಶ ಬಂದಾಗ ಬ್ರೇಕಮ್ಮ ಎದ್ದಳು.

"ಕೂತೇ ಮಾತಾಡಿ ಅಕ್ಕಾ" ಅಂದ ಅಧ್ಯಕ್ಷ.

"ಬೇಡಪ್ಪಾ, ಈಗಷ್ಟೇ ಕಷ್ಟಪಟ್ಟು ಎದ್ದಿದೀನಿ. ನಾನು ದೂರೋಕೆ ಬಂದಿಲ್ಲ. ಒಂದು ಉಪಕಾರ ಆಗಿದೆ, ಅದನ್ನ ನಾಲ್ಕು ಜನರ ಮುಂದೆ ಹೇಳಬೇಕಿತ್ತು." ಬಿದ್ದಿದ್ದನ್ನು ಹೇಳಿದಳು, ಲಾರಿ ರಿವರ್ಸ್ ಬಂದಿದ್ದನ್ನು ಹೇಳಿದಳು, ನೆಲದ ಮೇಲಿಂದ ತಾನು ಪಾಠ ಮಾಡಿದ್ದನ್ನೂ ಬಿಡಲಿಲ್ಲ. ಸಭೆ ಗೊಳ್ಳೆಂದು ನಕ್ಕಿತು. ನಗು ನಿಂತ ಮೇಲೆ ಅವಳು ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ನನಗೆ ಬೆಳಿಗ್ಗೆ ಎದ್ದು ಯಾರೂ ಫೋನ್ ಮಾಡಲ್ಲ. ಮಾಡಲಿ ಅಂತ ನಾನೂ ಕೇಳಿಲ್ಲ. ಆದರೆ ನನ್ನ ಬಕೆಟ್ ಕಾಣ್ತಿಲ್ಲ ಅಂತ ಒಬ್ಬಳು ನಿಂತಳು. ಅವಳು ನಿಲ್ಲದೇ ಹೋಗಿದ್ರೆ ನಾನಿವತ್ತು ಈ ಮೈಕಿನ ಮುಂದೆ ಇರ್ತಿರಲಿಲ್ಲ. ನಿಮ್ಮ ತೊಟ್ಟಿ ಒಳ್ಳೇದೇ ಇರಬಹುದು. ಆದರೆ ತೊಟ್ಟಿ ಬಾಗಿಲು ಬಡಿಯಲ್ಲ."

ಎಂಜಿನಿಯರು ಮೆಲ್ಲಗೆ, "ನಿಮ್ಮ ಜೀವ ಉಳಿದಿದ್ದಕ್ಕೆ ನಮಗೆಲ್ಲ ಸಂತೋಷ. ಆದರೆ ಗಾಜಿನ ಸಮಸ್ಯೆ ಹಾಗೇ ಉಳೀತಲ್ಲ?" ಅಂದ.

"ಉಳೀತು. ಅದು ನಿಜವೇ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇರೋರು ಹೇಳಲಿ" ಅಂತ ಬ್ರೇಕಮ್ಮ ಕೂತಳು.

ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಕಣ್ಣು ಮಂಜಾದ ಒಬ್ಬ ಅಜ್ಜ, "ನನ್ನ ಹಾಲಿನ ಪಾಕೀಟಿನ ತಾರೀಖು ಓದಿ ಹೇಳೋದೇ ಆ ಹುಡುಗಿ" ಅಂದ. ಅವಳಿಜವಳಿ ಕೂಸುಗಳ ತಾಯಿ, "ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಮೂಲೆಯ ತನಕ ಕಸ ಹೊರೋದಾ?" ಅಂದಳು. ಇನ್ನೊಬ್ಬ, ಮೂಲೆಯಲ್ಲಿ ಮನೆಯಿದ್ದವನು, "ಊರ ಕಸ ನನ್ನ ಕಿಟಕಿಯ ಕೆಳಗೆ ಬೇಡ" ಅಂದ. ತೊಟ್ಟಿಯ ಪರವಾಗಿಯೂ ಮಾತು ಬಂತು. ಮಾತಿಗೆ ಮಾತು ಬೆಳೆಯಿತು, ಅಧ್ಯಕ್ಷ ಮೇಜು ಕುಟ್ಟಿ ಕುಟ್ಟಿ ಸುಸ್ತಾದ.

ಕೊನೆಗೆ ಔಷಧಿ ಅಂಗಡಿ ನಡೆಸುತ್ತಿದ್ದ ಸದಸ್ಯೆಯೊಬ್ಬಳು ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕಿದಳು. ಗಾಜು, ಕಾಗದ ಮೂಲೆಯ ತೊಟ್ಟಿಗೆ. ಅವು ನಾರುವುದೂ ಇಲ್ಲ, ದಿನಾ ಒಯ್ಯಬೇಕಾಗಿಯೂ ಇಲ್ಲ. ಉಳಿದದ್ದೆಲ್ಲ ಮೊದಲಿನ ಹಾಗೆ ಮನೆಬಾಗಿಲಲ್ಲೇ. ಒಯ್ಯಲಾಗದವರ ಗಾಜು, ಕಾಗದವನ್ನೂ ಲಾರಿಯವರೇ ಬೇರೆ ಚೀಲದಲ್ಲಿ ಎತ್ತಲಿ. ಕೈ ಎತ್ತಿಸಿದರು. ಒಂದೇ ಒಂದು ಕೈ ಹೆಚ್ಚಿಗೆ ಬಂದು ಅದು ಗೆದ್ದಿತು. ಆ ಕೈ ಎಂಜಿನಿಯರದು. "ನನ್ನ ಗಾಜು ಉಳೀತಲ್ಲ, ಸಾಕು" ಅಂತ ನಕ್ಕ.

ಸೀಟಿ ಇಷ್ಟು ಹೊತ್ತೂ ಬಾಗಿಲ ಹತ್ತಿರ ಮಾವನ ಬೆನ್ನ ಹಿಂದೆ ನಿಂತಿದ್ದಳು. ಸಭೆ ಮುಗಿದ ಮೇಲೆ ಹೊರಗಿನ ಮೆಟ್ಟಿಲಲ್ಲಿ ಬ್ರೇಕಮ್ಮ ಅವಳನ್ನು ಹಿಡಿದಳು.

"ಆವತ್ತು ಯಾಕೆ ನಿಂತೆ ನೀನು? ಬಕೆಟ್ ಇಲ್ಲ ಅಂದ್ರೆ ಒಂದು ಕೆಲಸ ಕಮ್ಮಿ ಅಂತ ಹೋಗಬಹುದಿತ್ತಲ್ಲ?"

ಸೀಟಿ ತಲೆ ಕೆರೆದುಕೊಂಡಳು. "ನಿಜ ಹೇಳ್ಲಾ ಅಕ್ಕಾ? ನಿಮ್ಮ ಕಸ ಎತ್ತದೆ ಹೋದ್ರೆ ನೀವು ಆಫೀಸಿಗೆ ಫೋನ್ ಮಾಡಿ ಮಾನ ಕಳೀತೀರ ಅನ್ನೋ ಹೆದರಿಕೆ."

ಬ್ರೇಕಮ್ಮ ನಕ್ಕಳು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಊರುಗೋಲು ಬಿಟ್ಟು ಅವಳನ್ನು ತಬ್ಬಿಕೊಂಡಳು. ತಂಗಿ ಓಡಿಬಂದು ಇಬ್ಬರನ್ನೂ ಹಿಡಿಯದಿದ್ದರೆ ಇನ್ನೊಂದು ಮೂಳೆಗೂ ಅದೇ ಗತಿಯಾಗುತ್ತಿತ್ತು.

"ನನ್ನಿಂದ ನಿನಗೆ ಏನು ಆಗಬೇಕು ಹೇಳು" ಅಂತ ಬ್ರೇಕಮ್ಮ ಪಟ್ಟು ಹಿಡಿದಳು. ಸೀಟಿ ಬೇಡ ಬೇಡ ಅಂತ ಜಾರಿಕೊಂಡಳು. ಉತ್ತರ ಕೊಟ್ಟವನು ಮಾವ. "ನಾನು ಇನ್ನೇನು ನಿವೃತ್ತಿ ಆಗ್ತೀನಿ. ಈ ಲಾರಿಗೆ ಬೇರೆ ಯಾರೋ ಬರ್ತಾರೆ. ಇವಳಿಗೆ ಓಡಿಸೋ ಆಸೆ ಬೆಟ್ಟದಷ್ಟಿದೆ, ಬಾಯಿ ಬಿಟ್ಟು ಹೇಳಲ್ಲ."

ಸೀಟಿಯ ಕಿವಿ ಕೆಂಪಾಯಿತು.

ಕಾಲು ಬಲವಾದ ಮೇಲೆ ಪಾಠ ಶುರುವಾಯಿತು. ಜೀವ ಉಳಿಸಿದವಳು ಅಂತ ಬ್ರೇಕಮ್ಮ ಏನೂ ರಿಯಾಯಿತಿ ತೋರಿಸಲಿಲ್ಲ. "ಕನ್ನಡಿ ನೋಡು! ಕನ್ನಡಿ ಇರೋದು ತಲೆ ಬಾಚೋಕಲ್ಲ!" ಅನ್ನೋ ಕೂಗು ಬೀದಿಗೆಲ್ಲ ಕೇಳುತ್ತಿತ್ತು. ಸೀಟಿಯೂ ಬಿಟ್ಟುಕೊಡುವವಳಲ್ಲ, "ನೀವು ಕೂಗಿದ್ರೆ ನನಗೆ ಎಡ ಯಾವುದು ಬಲ ಯಾವುದು ಮರೆತುಹೋಗುತ್ತೆ" ಅಂತ ತಿರುಗಿ ಹೇಳುತ್ತಿದ್ದಳು. ಮೊದಲು ಕಾರು ಕಲಿತಳು. ಆಮೇಲೆ ಬ್ರೇಕಮ್ಮ ತನ್ನ ಪರಿಚಯದ ಲಾರಿ ಶಾಲೆಯವನ ಹತ್ತಿರ ಕರೆದುಕೊಂಡು ಹೋಗಿ, "ಇವಳು ನನ್ನ ತಂಗಿ ಇದ್ದ ಹಾಗೆ" ಅಂತ ಒಪ್ಪಿಸಿದಳು. ನಿಜವಾದ ತಂಗಿ ಫೋನಿನಲ್ಲಿ ಇದನ್ನು ಕೇಳಿ, "ಸದ್ಯ, ಬೈಸಿಕೊಳ್ಳೋಕೆ ನನಗೊಬ್ಬಳು ಜೊತೆ ಸಿಕ್ಕಳು" ಅಂದಳು. ಊರು ಬಿಟ್ಟು ಬಾ ಅನ್ನೋ ಮಾತನ್ನು ಆಮೇಲೆ ಅವಳು ಎತ್ತಲಿಲ್ಲ.

ಲಾರಿ ಪರೀಕ್ಷೆಯ ದಿನ ಇಬ್ಬರೂ ಪಕ್ಕದ ಊರಿನ ಮೈದಾನಕ್ಕೆ ಹೋದರು. ಬ್ರೇಕಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು. ಎಷ್ಟೋ ಜನರನ್ನು ಪರೀಕ್ಷೆಗೆ ಕಳಿಸಿದವಳು, ಆವತ್ತು ಗಳಿಗೆಗೊಮ್ಮೆ ಎದ್ದು ಮೈದಾನದ ಕಡೆ ಇಣುಕುತ್ತಿದ್ದಳು. ಸೀಟಿ ದೂರದಿಂದಲೇ ಹಲ್ಲು ಕಿರಿಯುತ್ತ ಬಂದಳು, ಕೇಳುವ ಅಗತ್ಯವೇ ಬೀಳಲಿಲ್ಲ. ಅಲ್ಲೇ ಗೂಡಂಗಡಿಯಲ್ಲಿ ನಿಂತು ಬನ್ನು ತಿಂದು, ಬಿಸಿ ಟೀ ಕುಡಿದರು.

"ಬೀಗದ ಕೈ ಕೊಡಿ ಅಕ್ಕಾ, ನಾನೇ ಓಡಿಸ್ತೀನಿ" ಅಂದಳು ಸೀಟಿ.

ಬ್ರೇಕಮ್ಮ ಕೊಟ್ಟಳು. ಊರ ದಾರಿ ಉದ್ದಕ್ಕೂ ನೇರವಾಗಿತ್ತು, ಬಿಸಿಲು ಇಳಿದಿತ್ತು. ಬೇರೆಯವರು ಓಡಿಸುವ ಕಾರಿನಲ್ಲಿ ಆಯುಷ್ಯದಲ್ಲೇ ಒಂದು ಸಲವೂ ಕಣ್ಣು ಮುಚ್ಚಿದವಳಲ್ಲ ಬ್ರೇಕಮ್ಮ. ಆವತ್ತು ಕಾರಿನ ಸೀಟಿನ ಬೆನ್ನಿಗೆ ನಿಶ್ಚಿಂತೆಯಿಂದ ತಲೆ ಆನಿಸಿ, ಎರಡು ಕಾಲೂ ಚಾಚಿ, ಊರು ಬರುವ ತನಕ ಗೊರಕೆ ಹೊಡೆಯುತ್ತ ಮಲಗಿದ್ದಳು.