ತಕರಾರಿಲ್ಲದೆ ತೊಟ್ಟ ಹೆಲ್ಮೆಟ್ಟು

ಅನುಮಾನಪಡುವುದು ನನ್ನ ಕೆಲಸ. ಹೆಮ್ಮೆಗೆ ಹೇಳುತ್ತಿಲ್ಲ, ಹುದ್ದೆಯೇ ಅಂಥದ್ದು. ದೆಹಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ, ನೌಕರರ ಮೇಲೆ ಬರುವ ದೂರುಗಳನ್ನು ಪರಿಶೀಲಿಸುವ ವಿಜಿಲೆನ್ಸ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ರಜೆ ಅರ್ಜಿಯ ಜೊತೆ ಬಂದ ಡಾಕ್ಟರ ಚೀಟಿಯನ್ನು ಬೆಳಕಿಗೆ ಹಿಡಿದು ನೋಡುವವಳು ನಾನು. ಸಂಜೆ ಮನೆಗೆ ಬಂದ ಮೇಲೂ ಕಣ್ಣು ಅದೇ ಕಣ್ಣು. ಅದನ್ನು ಕಚೇರಿಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಬರಲು ಆಗುವುದಿಲ್ಲವಲ್ಲ.

ಯಜಮಾನರು ಬೇರೆ ಸಚಿವಾಲಯದಲ್ಲಿದ್ದಾರೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಆರ್.ಕೆ. ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನಿಂದ ಕಚೇರಿಗೆ ಅವರು ಹೋಗಿಬರುವುದು ಸೈಕಲ್ಲಿನಲ್ಲಿ. ಚಾಣಕ್ಯಪುರಿಯ ಅಗಲ ರಸ್ತೆಯಲ್ಲಿ ರಾಯಭಾರಿಗಳ ಉದ್ದನೆಯ ಕಾರುಗಳ ಪಕ್ಕದಲ್ಲಿ, ಹ್ಯಾಂಡಲಿಗೆ ಊಟದ ಡಬ್ಬಿ ತೂಗುಹಾಕಿಕೊಂಡು, ಇಡೀ ರಸ್ತೆ ತಮ್ಮದೇ ಎಂಬ ಠೀವಿಯಲ್ಲಿ ಹೋಗುತ್ತಿದ್ದರು.

ಹೆಲ್ಮೆಟ್ಟಿನ ಜಗಳ ಶುರುವಾದದ್ದು ಹೋದ ವರ್ಷ. ನಾನು ಕೂತಿದ್ದ ಬಸ್ಸಿನ ಕಿಟಕಿಯ ಕೆಳಗೇ, ನಿಂತ ಕಾರಿನ ಬಾಗಿಲನ್ನು ಯಾರೋ ಹಿಂದೆ ಮುಂದೆ ನೋಡದೆ ತೆರೆದರು. ಸೈಕಲ್ಲಿನಲ್ಲಿ ಬರುತ್ತಿದ್ದ ಹಾಲಿನವನು ಅದಕ್ಕೆ ಬಡಿದು ಬಿದ್ದ. ಎದ್ದು ನಿಂತ. ತಲೆ ಹಿಡಿದುಕೊಂಡು ಮತ್ತೆ ಕೂತ. ಅಷ್ಟರಲ್ಲಿ ಬಸ್ಸು ಹೊರಟಿತು. ಅವನಿಗೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಭಾನುವಾರವೇ ಝಂಡೇವಾಲಾನಿನ ಸೈಕಲ್ ಮಾರುಕಟ್ಟೆಗೆ ಹೋಗಿ ಒಂದು ನೀಲಿ ಹೆಲ್ಮೆಟ್ ತಂದೆ.

ಯಜಮಾನರು ಅದನ್ನು ತಿರುಗಿಸಿ ನೋಡಿ ಫ್ರಿಜ್ಜಿನ ಮೇಲಿಟ್ಟರು.

"ಸೈಕಲ್‌ಗೆ ಹೆಲ್ಮೆಟ್ ಬೇಕು ಅಂತ ರೂಲ್ ಎಲ್ಲಿದೆ, ತೋರಿಸು" ಎಂದರು. ಜೀವಮಾನವೆಲ್ಲ ನಿಯಮಗಳ ಕರಡು ಬರೆದವರು ಹಾಗೆಯೇ ಮಾತಾಡುವುದು.

"ಈ ಮನೇಲಿದೆ. ಇವತ್ತಿಂದ ಜಾರಿ" ಎಂದೆ.

ಆಮೇಲೆ ಒಂದು ವರ್ಷ ವಾದ ನಡೆಯಿತು. ಅವರ ವಾದದಲ್ಲಿ ಹುರುಳಿರಲಿಲ್ಲ ಎಂದು ಹೇಳಲಾರೆ. ಬಾಗಿಲು ತೆರೆದವನನ್ನು ಬಿಟ್ಟು ಬಿದ್ದವನಿಗೆ ಯಾಕೆ ಕಾನೂನು ಎನ್ನುತ್ತಿದ್ದರು. ನಾಳೆ ಹೆಲ್ಮೆಟ್ ಕಡ್ಡಾಯ ಮಾಡಿದರೆ, ಸತ್ತವನ ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ, ತಪ್ಪು ಅವನದೇ ಎಂದು ಬರೆದು ಫೈಲು ಮುಚ್ಚುತ್ತಾರೆ, ಅಷ್ಟೇ. ಭಾನುವಾರ ಬೆಳಿಗ್ಗೆ ಕಾರಿನ ನೆತ್ತಿಯ ಮೇಲೆ ಸೈಕಲ್ ಕಟ್ಟಿಕೊಂಡು ಬರುವವರಿಗೆ ಹೆಲ್ಮೆಟ್ ಸರಿ; ಎರಡು ಗ್ಯಾಸ್ ಸಿಲಿಂಡರ್ ಹೇರಿಕೊಂಡು ತುಳಿಯುವ ಭಯ್ಯಾ ಅದನ್ನು ಎಲ್ಲಿಂದ ತರಬೇಕು? ಈ ಮಾತುಗಳೆಲ್ಲ ಚೆನ್ನಾಗಿಯೇ ಇದ್ದವು. ಚೆನ್ನಾಗಿದ್ದದ್ದರಿಂದಲೇ ನನಗೆ ಅನುಮಾನ. ತಲೆ ಬೋಳಾಗುತ್ತಿರುವ ಗಂಡಸಿಗೆ ಕನ್ನಡಿಯ ಮುಂದೆ ಹೆಲ್ಮೆಟ್ ಒಪ್ಪುವುದಿಲ್ಲ ಎನ್ನುವುದೇ ನಿಜವಾದ ಕಾರಣ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಗ್ರೇಟರ್ ನೋಯ್ಡಾದ ಕಾಲೇಜು ಹಾಸ್ಟೆಲಿನಿಂದ ಮಗಳು ಫೋನಿನಲ್ಲಿ, "ಅಮ್ಮ, ಪಪ್ಪಾ ಕೋ ಛೋಡ್ ದೋ ನಾ, ಪ್ಲೀಸ್", ಅಪ್ಪನನ್ನು ಬಿಟ್ಟುಬಿಡು ಎಂದು ಇಬ್ಬರ ನಡುವೆ ರಾಜಿ ಮಾಡಿಸಲು ನೋಡಿ ಸೋತಳು.

ಈ ಜನವರಿಯಲ್ಲಿ ಒಂದು ಬೆಳಿಗ್ಗೆ ಯಜಮಾನರು ತಾವಾಗಿಯೇ ಫ್ರಿಜ್ಜಿನ ಮೇಲಿಂದ ಹೆಲ್ಮೆಟ್ ತೆಗೆದು, ಧೂಳು ಒರೆಸಿ, ತಲೆಗೇರಿಸಿ, ಗದ್ದದ ಕೆಳಗೆ ಪಟ್ಟಿ ಬಿಗಿದುಕೊಂಡು ಹೊರಟರು. ಒಂದು ಮಾತಿಲ್ಲ.

ಬೇರೆ ಹೆಂಡತಿಯಾಗಿದ್ದರೆ ಗೆದ್ದೆ ಎಂದುಕೊಳ್ಳುತ್ತಿದ್ದಳು. ನನಗೆ ನಿದ್ದೆ ಕೆಟ್ಟಿತು. ವರ್ಷಗಟ್ಟಲೆ ತಕರಾರು ಮಾಡಿದ ನೌಕರ ಇದ್ದಕ್ಕಿದ್ದಂತೆ ತೆಪ್ಪಗೆ ಸಹಿ ಹಾಕಿದರೆ, ನಮ್ಮ ವಿಭಾಗದಲ್ಲಿ ಅವನ ಫೈಲನ್ನು ಪಕ್ಕಕ್ಕೆ ತೆಗೆದಿಡುತ್ತೇವೆ.

ಮೊದಲು, ಬೀದಿಯ ತಿರುವಿನಲ್ಲಿ ಬಿಚ್ಚಿ ಹ್ಯಾಂಡಲಿಗೆ ನೇತುಹಾಕುತ್ತಾರೆ ಎಂದುಕೊಂಡೆ. ಸಂಜೆ ಬಂದಾಗ ನೋಡಿದರೆ ಇರುವ ಕೂದಲು ನೆತ್ತಿಗೆ ಅಂಟಿತ್ತು, ಗದ್ದದ ಕೆಳಗೆ ಪಟ್ಟಿಯ ಗುರುತಿತ್ತು. ಆ ಆರೋಪ ಬಿದ್ದುಹೋಯಿತು. ಆದರೆ ಬೇರೆ ಸಂಗತಿಗಳು ಕಣ್ಣಿಗೆ ಬಿದ್ದವು. ಮೊದಲಿಗಿಂತ ಅರ್ಧ ಗಂಟೆ ಮುಂಚೆಯೇ ಮನೆ ಬಿಡುತ್ತಿದ್ದರು. ಪ್ಯಾಂಟಿನ ಅಂಚು ಚೈನಿಗೆ ಸಿಕ್ಕದ ಹಾಗೆ ಕಾಲಿಗೆ ಹಾಕಿಕೊಳ್ಳುತ್ತಿದ್ದ ರಬ್ಬರ್ ಬ್ಯಾಂಡು ಮೊಳೆಯಲ್ಲೇ ನೇತಾಡುತ್ತಿತ್ತು. ಹಾಗಿದ್ದೂ ಪ್ಯಾಂಟಿನಲ್ಲಿ ಗ್ರೀಸಿನ ಒಂದು ಚುಕ್ಕೆಯಿಲ್ಲ. ಒಂದು ಭಾನುವಾರ ಅವರು ಸ್ನಾನಕ್ಕೆ ಹೋದಾಗ ಹಿಂದಿನ ಚಕ್ರ ಒತ್ತಿ ನೋಡಿದೆ. ಗಾಳಿ ಅರ್ಧಕ್ಕಿಳಿದಿತ್ತು. ಅಂಥ ಚಕ್ರದಲ್ಲಿ ಕಚೇರಿಯ ತನಕ ಯಾರೂ ತುಳಿಯಲಾರರು.

ಅಂದರೆ ಈ ಮನುಷ್ಯ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾರೆ, ಸೈಕಲ್ ತುಳಿಯುತ್ತಿಲ್ಲ. ಹಾಗಾದರೆ ಹೋಗುವುದೆಲ್ಲಿಗೆ? ಚಾಣಕ್ಯಪುರಿಯಲ್ಲಿ ನಮ್ಮ ರಾಜ್ಯದ ಅತಿಥಿಗೃಹವಿದೆ, ಅಲ್ಲಿ ಬೆಳಿಗ್ಗೆ ಉದ್ದಿನ ವಡೆ ಸಿಗುತ್ತದೆ, ಇವರಿಗೆ ಸಕ್ಕರೆ ಕಾಯಿಲೆಯಿದೆ. ಅರ್ಧ ಗಂಟೆಯ ಲೆಕ್ಕ ಸರಿಹೋಯಿತು. ಆದರೆ ತೂಕ ಇಳಿಯುತ್ತಿತ್ತೇ ಹೊರತು ಏರುತ್ತಿರಲಿಲ್ಲ. ಆಗ ಇನ್ನೊಂದು ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ. ಐವತ್ತೆಂಟು ವರ್ಷದ, ನೀಲಿ ಹೆಲ್ಮೆಟ್ಟಿನ ಗಂಡಸಿಗಾಗಿ ಯಾವಳೋ ಒಬ್ಬಳು ಬಾಗಿಲು ತೆರೆದು ಕಾಯುವುದನ್ನು ಕಲ್ಪಿಸಿಕೊಂಡು ಒಬ್ಬಳೇ ನಕ್ಕೆ. ನಕ್ಕರೂ ಮಾರ್ಚಿನ ಒಂದು ಮಂಗಳವಾರ ಅರ್ಧ ದಿನ ರಜೆ ಹಾಕಿದೆ.

ಅವರು ಗೇಟು ದಾಟಿದ ಮೇಲೆ ಮೂಲೆಯಲ್ಲಿ ಆಟೋ ಹಿಡಿದೆ. "ಭಯ್ಯಾ, ಆ ನೀಲಿ ಹೆಲ್ಮೆಟ್ಟಿನ ಹಿಂದೆ. ಹತ್ತಿರ ಹೋಗಬೇಡಿ" ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಅಚ್ಛಾ, ಹಸ್ಬೆಂಡ್?" ಎಂದು ನಕ್ಕ. ನೂರು ಗಜ ಹೋಗುವುದರೊಳಗೆ ಅವನ ನಗು ನಿಂತಿತು. "ಮೇಡಂ, ಇಷ್ಟು ನಿಧಾನಕ್ಕೆ ಆಟೋ ಓಡಲ್ಲ. ಅವರು ನಡೆದುಕೊಂಡು ಹೋಗ್ತಿದಾರೆ" ಎಂದ.

ನಿಜ. ಇಳಿದು, ಮರಗಳ ಮರೆಯಲ್ಲಿ ಹಿಂದೆ ನಡೆದೆ. ಯಜಮಾನರು ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದು, ಸೈಕಲ್ಲಿಗೆ ಮೈಯೊರಗಿಸಿ, ಹೆಜ್ಜೆ ನೋಡಿ ನೋಡಿ ಇಡುತ್ತಿದ್ದರು. ಫುಟ್‌ಪಾತಿನ ತುಂಬ ಬೂರುಗದ ಕೆಂಪು ಹೂಗಳು ಬಿದ್ದಿದ್ದವು. ಒಂದೊಂದು ಹೂವಿನ ಹತ್ತಿರವೂ ನಿಂತು, ಸುತ್ತಿ ಹೋಗುತ್ತಿದ್ದರು. ಒಂದು ಕಡೆ ಬ್ರೇಕ್ ಒತ್ತಿ ಹಿಡಿದು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಕೂಗಬೇಕೆಂದುಕೊಂಡೆ. ಕೂಗಿದರೆ ಬೆಚ್ಚಿ ಬೀಳುತ್ತಾರೇನೋ ಎಂದು ಬಾಯಿ ಮುಚ್ಚಿಕೊಂಡೆ.

ಬಸ್ ಸ್ಟಾಪಿನ ಹತ್ತಿರ ಬೇವಿನ ಮರದ ಕೆಳಗೆ ಪಂಕ್ಚರ್ ಹಾಕುವವನೊಬ್ಬನಿದ್ದಾನೆ. ಅವನು ಎದ್ದು ಬಂದು ಸೈಕಲ್ ತೆಗೆದುಕೊಂಡು ಮರಕ್ಕೆ ಒರಗಿಸಿ, ಇವರಿಗೆ ಸ್ಟೂಲು ಕೊಟ್ಟ. ದಿನಾ ಕೊಡುವವನ ಹಾಗೆ ಕೊಟ್ಟ. ಹೆಲ್ಮೆಟ್ ಬಿಚ್ಚದೆ ಕೂತರು. ನಾನು ಎದುರಿಗೆ ಹೋಗಿ ನಿಂತೆ.

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಬಂದ್ಯಾ" ಎಂದರು.

"ಇದೇನ್ರೀ ಇದು?"

"ಇಲ್ಲಿಂದ ಬಸ್ಸಲ್ಲಿ ಹೋಗ್ತೀನಿ. ಸಂಜೆ ಇಲ್ಲೇ ಇಳಿದು ಸೈಕಲ್ ಹಿಡ್ಕೊಂಡು ಬರ್ತೀನಿ."

"ತುಳಿಯೋ ಹಾಗಿಲ್ಲ ಅಂದ್ಮೇಲೆ ಸೈಕಲ್ ಯಾಕೆ?"

"ಕೋಲು ಹಿಡ್ಕೊಂಡ್ರೆ ಕಾಲೋನಿಯವರೆಲ್ಲ ಏನಾಯ್ತು ಅಂತ ಕೇಳ್ತಾರೆ. ಸೈಕಲ್ ಹಿಡ್ಕೊಂಡ್ರೆ ಯಾರೂ ಕೇಳಲ್ಲ."

ಪಂಕ್ಚರಿನವನು ಹಿಂದಿಯಲ್ಲಿ ನಡುವೆ ಬಾಯಿ ಹಾಕಿದ. "ಭಾಭೀಜಿ, ಹೋದ ತಿಂಗಳು ಸಾಹೇಬರು ಇಲ್ಲೇ ಬಿದ್ದಿದ್ದರು. ತಲೆ ಕಲ್ಲಿಗೇ ಬಡಿಯಿತು. ಹೆಲ್ಮೆಟ್ ಇತ್ತು, ಬಚಾವಾದರು." ಬಗ್ಗಿ ನೋಡಿದೆ. ನೀಲಿಯ ಒಂದು ಪಕ್ಕ ಬಿರುಕು ಬಿಟ್ಟು, ಅದಕ್ಕೆ ಪಂಕ್ಚರಿನ ರಬ್ಬರ್ ತುಂಡು ಅಂಟಿಸಿತ್ತು. ದಿನಾ ಕೂದಲು ನೋಡಿದವಳು ನಾನು, ಪಟ್ಟಿಯ ಗುರುತು ನೋಡಿದವಳು. ಇದನ್ನು ನೋಡಿರಲಿಲ್ಲ. ಒಂದು ವರ್ಷದ ವಾದದಲ್ಲಿ ನಾನು ಗೆದ್ದಿದ್ದೆ, ಸಾಕ್ಷಿಯೂ ಕೈಗೆ ಸಿಕ್ಕಿತ್ತು. ಅಳು ಬಂತು.

"ಹೆಂಡತಿ ಅಂತ ಒಬ್ಬಳಿದೀನಲ್ಲ, ನನಗೆ ಹೇಳೋಕೇನಾಗಿತ್ತು ನಿಮಗೆ?" ಎಂದು ರೇಗಿದೆ.

"ಹೇಳಿದ್ದೆ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಯಾವಾಗ?"

"ಸಂಕ್ರಾಂತಿ ಮಾರನೇ ದಿನ. ಎಳ್ಳಿನ ಡಬ್ಬಿ ಎತ್ತಿಡ್ತಾ ಇದ್ದೆ ನೀನು. ಯಾಕೋ ತಲೆ ತಿರುಗುತ್ತೆ ಕಣೇ ಅಂದೆ. ಹೆಲ್ಮೆಟ್ ಹಾಕ್ಕೊಳ್ಳದೆ ಇರೋಕೆ ಇದು ಹೊಸ ನೆವಾನಾ ಅಂದೆ ನೀನು. ಹಿಂತಿರುಗಿ ಸಹ ನೋಡಲಿಲ್ಲ. ಸರಿ, ಹಾಕ್ಕೊಂಡೆ."

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಡಬ್ಬಿ ಕಣ್ಣ ಮುಂದೆ ಬಂತು, ಅದರ ಮುಚ್ಚಳ ಸರಿಯಾಗಿ ಕೂರದೆ ನಾನು ಗುದ್ದುತ್ತಿದ್ದದ್ದು, ಬೆನ್ನ ಹಿಂದೆ ಅವರ ದನಿ, ನಾನು ಅಂದ ಮಾತು. ಅಂದದ್ದು ನಿಜ.

ಅವತ್ತು ಬಸ್ಸಿಗೆ ಬಿಡಲಿಲ್ಲ. ಅದೇ ಆಟೋದವನು ನಿಧಾನಕ್ಕೆ ನನ್ನ ಹಿಂದೆಯೇ ಬಂದು ನಿಂತಿದ್ದ, ಏನೂ ಕೇಳದೆ ಡಿಸ್ಪೆನ್ಸರಿಗೆ ಕರೆದೊಯ್ದ. ದಾರಿಯುದ್ದಕ್ಕೂ ಯಜಮಾನರ ತೋಳು ಹಿಡಿದು ಕೂತಿದ್ದೆ. ಸಾಲಿನಲ್ಲಿ ಕೂತಾಗ ಹೆಲ್ಮೆಟ್ ಬಿಚ್ಚಿ ನನ್ನ ಮಡಿಲಲ್ಲಿಟ್ಟರು.

ಡಾಕ್ಟರು ಹುಡುಗಿ, ನಮ್ಮ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿದಳು, ಕಣ್ಣಿನ ಮುಂದೆ ಬೆರಳಾಡಿಸಿದಳು, ದೊಡ್ಡಾಸ್ಪತ್ರೆಗೆ ಚೀಟಿ ಬರೆಯುತ್ತ ತಲೆ ತಗ್ಗಿಸಿಕೊಂಡೇ ಕೇಳಿದಳು: "ಎಷ್ಟು ದಿನದಿಂದ ಹೀಗಾಗ್ತಿದೆ? ಮನೇಲಿ ಯಾರಿಗೂ ಹೇಳಿರಲಿಲ್ವಾ?"

ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ಇಲ್ಲ, ಹೇಳಿರಲಿಲ್ಲ" ಎಂದರು.

"ಸುಳ್ಳು, ಡಾಕ್ಟರ್" ಎಂದೆ. "ಎರಡು ತಿಂಗಳಾಯಿತು. ಮೊದಲನೇ ದಿನವೇ ನನಗೆ ಹೇಳಿದ್ದರು."