ಎಪ್ಪತ್ತೊಂದರ ವೇಗದಲ್ಲಿ ಅಜ್ಜಿ

ಕೋಪ ಬಂದರೆ ನಾನು ಕೂಗಾಡುವವಳಲ್ಲ, ಪಾತ್ರೆ ತಿಕ್ಕುತ್ತೇನೆ. ತೊಳೆದು ಕವುಚಿಟ್ಟದ್ದನ್ನೇ ಮತ್ತೆ ಇಳಿಸಿಕೊಂಡು ತಿಕ್ಕುತ್ತೇನೆ. ಕಳೆದ ಆಷಾಢದಲ್ಲಿ ಒಂದು ವಾರ ಹಲಸೂರಿನ ನಮ್ಮ ಮನೆಯ ಇಡ್ಲಿ ಪಾತ್ರೆಯಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು. ಆ ಹೊಳಪಿಗೆ ಕಾರಣ ನನ್ನ ಮೊಮ್ಮಗಳು ಪೂರ್ವಿ. ಅವಳೊಬ್ಬಳೇ ಅಂದರೆ ಅನ್ಯಾಯವಾದೀತು. ಅವಳ ಅಪ್ಪ, ಅಂದರೆ ನನ್ನ ಮಗ ಗಿರೀಶನಿಗೂ ಅದರಲ್ಲಿ ಪಾಲಿದೆ. ಎಲ್ಲಕ್ಕಿಂತ ದೊಡ್ಡ ಪಾಲು ಯಾರದೆಂದು ಆಮೇಲೆ ಹೇಳುತ್ತೇನೆ. ಅದನ್ನು ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ಆ ವಾರದ ಮೊದಲ ದಿನ ಬೆಳಗಿನ ಕಾಫಿ ಹೊತ್ತಿಗೆ ನನ್ನ ಫೋನಿಗೆ ಸಂಚಾರ ಪೊಲೀಸರ ನೋಟಿಸ್ ಬಂತು. ನನ್ನ ಹೆಸರಿನ ಸ್ಕೂಟರು ಹಳೇ ಮದ್ರಾಸ್ ರಸ್ತೆಯಲ್ಲಿ, ನಲವತ್ತರ ಮಿತಿಯಿರುವ ಕಡೆ, ಎಪ್ಪತ್ತೊಂದರ ವೇಗದಲ್ಲಿ ಹೋಗಿದೆಯಂತೆ. ಓಡಿಸಿದವರ ಲೈಸೆನ್ಸ್ ಸಮೇತ ಮಾಲೀಕರು ಠಾಣೆಗೆ ಹಾಜರಾಗಬೇಕಂತೆ. ಕೆಳಗೊಂದು ಫೋಟೊ. ಹೆಲ್ಮೆಟ್ ನನ್ನದೇ. ಅದರೊಳಗಿನ ತಲೆ ಮಾತ್ರ ನನ್ನದಲ್ಲ. ನನಗೆ ಅರವತ್ತೇಳು. ಮಂಡಿನೋವಿನಿಂದಾಗಿ ಆ ಸ್ಕೂಟರನ್ನು ಮುಟ್ಟಿ ಎರಡು ವರ್ಷವಾಗಿತ್ತು.

ಪೂರ್ವಿಗೆ ಹದಿನೇಳು. ಇಂದಿರಾನಗರದಲ್ಲಿ ಎರಡನೇ ಪಿಯುಸಿ. ಲೈಸೆನ್ಸ್ ಸಿಗುವ ವಯಸ್ಸಲ್ಲ. ಕೀ ಎಲ್ಲಿಂದ ಬಂತು? ನಾನೇ ಕೊಟ್ಟೆ. ಮೊದಲು ಕರಿಬೇವು ತರಲು ಮೂಲೆ ಅಂಗಡಿಯವರೆಗೆ ಮಾತ್ರ ಅಂತ ಕೊಟ್ಟೆ. ಆ ಮೂಲೆ ಒಂದು ವರ್ಷದಲ್ಲಿ ಬೆಳೆದು ಬೆಳೆದು ಲಿಂಗರಾಜಪುರದ ಟ್ಯೂಷನ್ನಿನವರೆಗೆ ಹೋಗಿತ್ತು. ಗೆಳತಿಯ ಹುಟ್ಟುಹಬ್ಬಕ್ಕೆಂದು ಆ ಫೋಟೊದ ದಿನ ಕೆ.ಆರ್. ಪುರದ ಕಡೆಗೂ ಹೊರಟುಬಿಟ್ಟಿತ್ತು. ಗೇಟಿನ ಹತ್ತಿರ ನಿಂತು ಕೈ ಬೀಸಿದವಳು ನಾನು. ಹುಡುಗಿ ಎಷ್ಟು ಸಲೀಸಾಗಿ ತಿರುಗಿಸಿದಳು ಅಂತ ಹೆಮ್ಮೆಪಟ್ಟವಳೂ ನಾನೇ.

ಇದರಲ್ಲಿ ಇನ್ನೂ ನಾಚಿಕೆಗೇಡಿನ ಸಂಗತಿಯೆಂದರೆ ನಾನು ಮೂವತ್ತೊಂದು ವರ್ಷ ಭೌತಶಾಸ್ತ್ರದ ಮೇಷ್ಟ್ರಾಗಿದ್ದವಳು. ವೇಗ ದುಪ್ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನಲವತ್ತರಲ್ಲಿ ಹೋಗುವ ಸ್ಕೂಟರಿಗಿಂತ ಎಪ್ಪತ್ತೊಂದರಲ್ಲಿ ಹೋಗುವ ಸ್ಕೂಟರು ಮೂರು ಪಟ್ಟು ಗಟ್ಟಿಯಾಗಿ ಗುದ್ದುತ್ತದೆ. ಈ ಪಾಠವನ್ನು ಸಾವಿರಾರು ಮಕ್ಕಳಿಗೆ ಹೇಳಿದೆ. ಕೀ ಕೊಡುವಾಗ ಈ ಒಬ್ಬಳಿಗೆ ಮಾತ್ರ ಹೇಳಲಿಲ್ಲ.

ಸಂಜೆ ಮನೆಯಲ್ಲಿ ಸಭೆ ಸೇರಿತು. ಗಿರೀಶ ತನ್ನ ಸ್ನೇಹಿತನೊಬ್ಬನನ್ನು ಕರೆತಂದಿದ್ದ, ವಕೀಲ. ಇಬ್ಬರೂ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ಮುಖ ಕಾಣಲ್ಲಮ್ಮ," ಅಂದ ಗಿರೀಶ. "ನೀನೇ ಓಡಿಸಿದ್ದು ಅಂತ ಹೇಳ್ಬಿಡು. ನಿನ್ ಹತ್ರ ಲೈಸೆನ್ಸ್ ಇದೆಯಲ್ಲ."

"ಎಪ್ಪತ್ತೊಂದರಲ್ಲಾ?"

"ಅರ್ಜೆಂಟಿತ್ತು ಅನ್ನು. ನಿಜ ಹೇಳಿದ್ರೆ ಇಪ್ಪತ್ತೈದು ವರ್ಷ ಆಗೋತನಕ ಅವಳಿಗೆ ಲೈಸೆನ್ಸೇ ಕೊಡಲ್ಲ ಕಣಮ್ಮ. ಒಂದು ದಿನದ ತಪ್ಪಿಗೆ ಎಂಟು ವರ್ಷ!"

ಒಪ್ಪಿಕೊಂಡುಬಿಡುತ್ತೇನೆ, ಅರೆಗಳಿಗೆ ನನಗೆ ಖುಷಿಯಾಯಿತು. ಸೆರಗು ಹಾರಿಸಿಕೊಂಡು ಲಾರಿಗಳನ್ನು ಹಿಂದಿಕ್ಕುವ ಅಜ್ಜಿಯ ಚಿತ್ರ ಕಣ್ಣಮುಂದೆ ಬಂತು. ಮರುಗಳಿಗೆಯೇ ಸಿಟ್ಟು ನೆತ್ತಿಗೇರಿತು. ಮಕ್ಕಳು ಹೋಂವರ್ಕನ್ನು ಅಪ್ಪನ ಕೈಲಿ ಬರೆಸಿಕೊಂಡು ಬಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಅಮ್ಮನ ಎದುರಿಗೆ ಇವನು ಈ ಮಾತಾಡುತ್ತಿದ್ದಾನಲ್ಲ!

ವಕೀಲ ಗಂಟಲು ಸರಿಮಾಡಿಕೊಂಡ. "ಅದು ಬೇಡ ಅಂದ್ರೆ ಇನ್ನೊಂದು ದಾರಿ ಇದೆ ಆಂಟಿ. ಕೀ ನೀವು ಕೊಟ್ಟಿಲ್ಲ, ನಿಮಗೆ ಗೊತ್ತಿಲ್ದೆ ಎತ್ಕೊಂಡ್ ಹೋದ್ಳು ಅನ್ನಿ. ಮಾಲೀಕರಿಗೆ ಗೊತ್ತೇ ಇರ್ಲಿಲ್ಲ ಅಂತ ತೋರಿಸಿದ್ರೆ ಕಾನೂನೇ ನಿಮ್ಮನ್ನ ಬಿಟ್ಬಿಡುತ್ತೆ. ಇಲ್ದಿದ್ರೆ ಜೈಲಿನವರೆಗೂ ಹೋಗ್ಬಹುದು."

ಮೊದಲನೆಯ ಸುಳ್ಳಿನಲ್ಲಿ ನಾನು ಶೂರಳಾಗುತ್ತಿದ್ದೆ. ಎರಡನೆಯದರಲ್ಲಿ ಮೊಮ್ಮಗಳು ಕಳ್ಳಿಯಾಗುತ್ತಿದ್ದಳು. ಯಾವುದಕ್ಕೆ ಹೆಚ್ಚು ಸಿಟ್ಟಾಗಬೇಕೆಂದು ನಾನು ತೀರ್ಮಾನಿಸುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಪೂರ್ವಿ ಬಾಯಿ ಬಿಟ್ಟಳು. "ಯಾಕೆ ಇಷ್ಟೊಂದು ಸೀನ್ ಮಾಡ್ತಿದ್ದೀರ ಎಲ್ರೂ? ಆ ರೋಡಲ್ಲಿ ಎಲ್ರೂ ಹಾಗೇ ಹೋಗೋದು. ಯಾರಿಗೂ ಏನೂ ಆಗಿಲ್ವಲ್ಲ!"

ನಾನು ಎದ್ದು ಅಡುಗೆಮನೆಗೆ ಹೋದೆ. ಎರಡು ಬಾಣಲೆ, ಒಂದು ಕುಕ್ಕರ್ ಮುಗಿದವು. ಸಿಟ್ಟು ಮುಗಿಯಲಿಲ್ಲ. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಆ ಫೋಟೊವನ್ನು ನಾನೂ ಒಮ್ಮೆ ಸರಿಯಾಗಿ ನೋಡಿದೆ. ಇಷ್ಟು ಹೊತ್ತು ಎಲ್ಲರೂ ಹೆಲ್ಮೆಟ್ಟನ್ನೇ ಹಿಗ್ಗಿಸಿ ನೋಡಿದ್ದೆವು. ಪಕ್ಕದಲ್ಲಿ, ರಸ್ತೆ ಮಧ್ಯದ ಕಟ್ಟೆಯ ಮೇಲೆ, ಒಬ್ಬ ಹೆಂಗಸು. ಒಂದು ಕೈಯಲ್ಲಿ ತರಕಾರಿ ಚೀಲ. ಒಂದು ಕಾಲು ರಸ್ತೆಗಿಳಿದಿದೆ. ಮೈಯೆಲ್ಲ ಹಿಂದಕ್ಕೆ ವಾಲಿದೆ, ಬಾಯಿ ತೆರೆದಿದೆ. ಸ್ಕೂಟರಿನ ಕನ್ನಡಿಗೂ ಆ ಚೀಲಕ್ಕೂ ನಡುವೆ ಒಂದು ಮೊಳ ಜಾಗವಿದ್ದಿರಬಹುದು.

ಪೂರ್ವಿಯನ್ನು ಕರೆದು ಫೋನು ಕೈಗೆ ಕೊಟ್ಟೆ. ಬೈಯಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳು ಬಹಳವಿದ್ದವು. "ಇವರು ಯಾರು?" ಅಂತ ಮಾತ್ರ ಕೇಳಿದೆ.

ಅವಳು ತುಂಬ ಹೊತ್ತು ನೋಡಿದಳು. ಬೆರಳಿಂದ ದೊಡ್ಡದು ಮಾಡಿ ನೋಡಿದಳು. "ನಾನು ಇವ್ರನ್ನ ನೋಡ್ಲೇ ಇಲ್ಲ ಅಜ್ಜಿ," ಅಂದಳು. ಧ್ವನಿ ಇಷ್ಟೇ ಇಷ್ಟಾಗಿತ್ತು. "ಅಲ್ಲಿ ಯಾರೋ ಇದ್ರು ಅಂತಾನೇ ಗೊತ್ತಿಲ್ಲ."

ಮಾರನೆಯ ದಿನ ಠಾಣೆಗೆ ನಾನೇ ಹೋದೆ, ಪೂರ್ವಿಯನ್ನು ಕರೆದುಕೊಂಡು, ಆಟೋದಲ್ಲಿ. ಸಬ್ ಇನ್ಸ್‌ಪೆಕ್ಟರ್ ನನ್ನ ಬಿಳಿ ತಲೆಯನ್ನೂ ಊರುಗೋಲನ್ನೂ ನೋಡಿ, "ಯಾರಮ್ಮ ಓಡಿಸಿದ್ದು?" ಅಂದರು.

"ಇವಳು. ಹದಿನೇಳು ವರ್ಷ. ಕೀ ಕೊಟ್ಟಿದ್ದು ನಾನು."

ಅವರು ಪೆನ್ನು ಕೆಳಗಿಟ್ಟರು. "ಕೀ ಕೊಟ್ಟಿದ್ದು ನಾನು ಅಂತಾನೂ ಬರ್ಕೋಬೇಕಾ? ಒಂದ್ಸಲ ಯೋಚ್ನೆ ಮಾಡ್ತೀರಾ?"

"ಬರ್ಕೊಳ್ಳಿ," ಅಂದೆ. ನೋಟಿಸ್ ಬಂದ ಮೇಲೆ ನನ್ನ ಕೋಪ ಸರಿಯಾದ ಮನೆಯ ಬಾಗಿಲು ತಟ್ಟಿದ್ದು ಅದೇ ಮೊದಲು.

ಪೂರ್ವಿಗೆ ಬಾಲನ್ಯಾಯ ಮಂಡಳಿಯಲ್ಲಿ ಬುದ್ಧಿವಾದ ಹೇಳಿದರು. ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಸ್ಕೂಟರಿನ ನೋಂದಣಿ ಒಂದು ವರ್ಷ ರದ್ದು. ನನ್ನದು ಕೋರ್ಟಿನಲ್ಲಿ. ತಪ್ಪೊಪ್ಪಿಕೊಂಡೆ. ದಂಡದ ಮೊತ್ತ ಇಲ್ಲಿ ಬರೆಯುವುದಿಲ್ಲ, ಗಿರೀಶನಿಗೆ ಇನ್ನೂ ಎದೆ ಉರಿಯುತ್ತದೆ. ಅದರ ಜೊತೆಗೆ, ಅವತ್ತಿನ ಕಲಾಪ ಮುಗಿದು ನ್ಯಾಯಾಧೀಶರು ಏಳುವವರೆಗೆ ಸೆರೆ. ಸೆರೆಯೆಂದರೆ ಕಂಬಿಯಿಲ್ಲ, ಕೋರ್ಟ್ ಹಾಲಿನ ಹಿಂದಿನ ಬೆಂಚು. ಎದ್ದು ಹೋಗುವಂತಿಲ್ಲ. ಎಷ್ಟೋ ಮಕ್ಕಳನ್ನು ಪೀರಿಯಡ್ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕೂರಿಸಿದವಳಿಗೆ ಈ ಶಿಕ್ಷೆಯ ರುಚಿ ಗೊತ್ತಿರಲಿಲ್ಲ.

ಪಕ್ಕದಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬರು ಕೂತಿದ್ದರು, ಶಿವಾಜಿನಗರದಲ್ಲಿ ಬಟ್ಟೆ ಅಂಗಡಿಯವರು. "ನಿಮ್ದೂ ಬಚ್ಚೋಂಕಾ ಕೇಸಾ ಆಂಟಿ?" ಅಂತ ಪಿಸುಗುಟ್ಟಿದರು. ಹೌದು, ಮಕ್ಕಳದೇ, ಮೊಮ್ಮಗಳದು ಎಂದೆ. "ನನ್ ಮಗಂದು ಬುಲೆಟ್ಟು," ಅಂದರು. "ಹಟ ಮಾಡ್ದ ಅಂತ ನಾನೇ ಕೊಡಿಸ್ದೆ. ಅವನು ಮನೇಲಿ ಮಲಗವ್ನೆ. ನಾನಿಲ್ಲಿ ಕೂತಿದ್ದೀನಿ ನೋಡಿ." ಅವರ ಕೈಯಲ್ಲಿ ಕರವಸ್ತ್ರ ಹಗ್ಗದಂತೆ ಹೊಸೆದುಹೋಗಿತ್ತು.

ಸಂಜೆ ಹೊರಗೆ ಬಂದಾಗ ಪೂರ್ವಿ ಮರದ ಕೆಳಗೆ ನಿಂತಿದ್ದಳು. ಬೆಳಿಗ್ಗೆಯಿಂದ ಅಲ್ಲೇ ಇದ್ದಳಂತೆ, ಊಟಕ್ಕೂ ಹೋಗಿರಲಿಲ್ಲ. ಬಸ್ಸು ಹಿಡಿದೆವು. ಟ್ರಾಫಿಕ್ಕಿನಲ್ಲಿ ಅದು ನನ್ನ ನಡಿಗೆಗಿಂತ ನಿಧಾನವಾಗಿ ತೆವಳುತ್ತಿತ್ತು. ಅರ್ಧ ದಾರಿಯವರೆಗೆ ಕಿಟಕಿಯ ಕಡೆಗೇ ಮುಖ ಮಾಡಿದ್ದವಳು ಮೆಲ್ಲಗೆ ತಿರುಗಿದಳು.

"ಅಜ್ಜಿ, ಇನ್ನೂ ಕೋಪ ಇದ್ಯಾ?"

"ಇದೆ."

"ಎಷ್ಟು ದಿನ ಇರುತ್ತೆ?"

"ನಿನಗೆ ಲೈಸೆನ್ಸ್ ಸಿಗೋವರೆಗೂ."

ಅವಳು ಬೆರಳಲ್ಲಿ ಎಣಿಸಿದಳು. "ಅಷ್ಟೊತ್ತಿಗೆ ನಿಂಗೆ ಎಪ್ಪತ್ತೈದಾಗುತ್ತೆ," ಅಂದಳು. ಕಣ್ಣು ತುಂಬಿಕೊಂಡಿತು. "ಅಲ್ಲೀವರೆಗೂ ಇರ್ತೀಯಲ್ಲ?"

"ಇರಲೇಬೇಕಲ್ಲ," ಅಂದೆ. "ಇಷ್ಟು ಕೋಪ ಇಟ್ಕೊಂಡು ಮಧ್ಯದಲ್ಲಿ ಹೋಗೋಕಾಗುತ್ತಾ?"